ಮೊದಲು ಬಿತ್ತು, ಆಮೇಲೆ ಹಾರಿತು

ಭದ್ರಾವತಿಯಲ್ಲಿ ನಾವಿದ್ದ ಕ್ವಾರ್ಟರ್ಸಿಗೆ ಕಿಟಕಿಗಳು ನಾಲ್ಕಿದ್ದವು. ಬೆಳಕು ಬರುತ್ತಿದ್ದದ್ದು ಒಂದರಿಂದ ಮಾತ್ರ. ಅಡುಗೆಮನೆಯದಕ್ಕೆ ಹಿತ್ತಲಿನ ಸೀಬೆಮರ ಅಡ್ಡ ಬಂದಿತ್ತು, ಮಲಗುವ ಕೋಣೆಯದಕ್ಕೆ ಮೆಟ್ಟಿಲಿನ ಗೋಡೆ. ಬಚ್ಚಲಿನದನ್ನು ಕಿಟಕಿ ಎಂದು ಕರೆದರೆ ಅದಕ್ಕೆ ಇಲ್ಲದ ಮರ್ಯಾದೆ ಕೊಟ್ಟಂತೆ. ಉಳಿದದ್ದು ಮುಂದಿನ ಕೋಣೆಯ ಕಿಟಕಿ. ಬೆಳಗ್ಗೆ ಅದರಿಂದ ಒಳಗೆ ಬಂದ ಬಿಸಿಲು ಕಾರ್ಖಾನೆಯ ಮಧ್ಯಾಹ್ನದ ಸೈರನ್ ಆಗುವವರೆಗೂ ಅಲ್ಲೇ ಕೂತಿರುತ್ತಿತ್ತು. ಆ ಬಿಸಿಲಿನಡಿಯಲ್ಲಿ ಅಪ್ಪನ ಮೇಜಿತ್ತು. ಅದನ್ನು ಅಪ್ಪ ಪ್ಯಾಕಿಂಗ್ ಹಲಗೆಗಳಿಂದ ಆ ಕೋಣೆಯಲ್ಲೇ ಕೂತು ಮಾಡಿದ್ದರು. ಮಾಡಿ ಆದಮೇಲೆ ಅದು ಯಾವ ಬಾಗಿಲಿನಿಂದಲೂ ಹೊರಗೆ ಹೋಗುವುದಿಲ್ಲ ಎಂದು ಗೊತ್ತಾಯಿತು. ಡ್ರಾಯರ್ ಇಡಲು ಅದಕ್ಕೆ ಜಾಗ ಬಿಟ್ಟಿದ್ದರು, ಡ್ರಾಯರ್ ಮಾಡಿರಲಿಲ್ಲ. ಆ ಖಾಲಿ ಗೂಡಿನಲ್ಲಿ ನಮ್ಮ ಬೆಕ್ಕು ಮರಿ ಹಾಕುತ್ತಿತ್ತು.

ಅಪ್ಪ ಕೆಲಸ ಮಾಡುತ್ತಿದ್ದದ್ದು ಕಾಗದದ ಕಾರ್ಖಾನೆಯಲ್ಲಿ. ಅವರ ವಿಭಾಗದ ಹೆಸರು ಫಿನಿಶಿಂಗ್. ತಯಾರಾದ ಕಾಗದವನ್ನು ಅಳತೆಗೆ ಕತ್ತರಿಸಿ, ಎಣಿಸಿ, ಕಟ್ಟುಕಟ್ಟುವ ಜಾಗ ಅದು. ಅಮ್ಮನಿಗೆ ಈ ಹೆಸರು ದೇವರು ಕೊಟ್ಟ ವರವಾಗಿತ್ತು. ನಮ್ಮ ಮನೆಯಲ್ಲಿ ಒಂದು ಬೆತ್ತದ ಕುರ್ಚಿಯಿತ್ತು, ಅರ್ಧ ಹೆಣೆದದ್ದು. ಕೂರುವವರು ಎಡಕ್ಕೆ ಕೂರಬೇಕು. ಬಾಗಿಲ ಬಳಿ ಒಂದು ಅಂಚೆಪೆಟ್ಟಿಗೆಯಿತ್ತು, ತಳ ಇಲ್ಲದ್ದು. ಕಾಗದ ಮೇಲಿನಿಂದ ಹೋಗಿ ಕೆಳಗೆ ಬೀಳುತ್ತಿತ್ತು. ಕಿಟಕಿಗೆ ಸೊಳ್ಳೆಪರದೆಯ ಜಾಲರಿ ಹೊಡೆದಿದ್ದರು, ಕೆಳಗಿನ ಅರ್ಧಕ್ಕೆ.

"ಸೊಳ್ಳೆಗಳಿಗೆ ಮೇಲಿನ ಅರ್ಧ ಬಿಟ್ಟಿದಾರೆ ನಮ್ಮನೆಯವ್ರು. ಕಾರ್ಖಾನೇಲಿ ಫಿನಿಶಿಂಗು, ಮನೇಲಿ ಬರೀ ಸ್ಟಾರ್ಟಿಂಗು," ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಅಮ್ಮ ಇದನ್ನು ನಗುತ್ತಲೇ ಹೇಳುತ್ತಿದ್ದಳು, ಆದರೆ ಪೂರ್ತಿ ನಗುವಲ್ಲ ಅದು. ಅವಳು ಕ್ವಾರ್ಟರ್ಸಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಅವಳ ಹೊಲಿಗೆ ಮೆಷಿನ್ನು ಇದ್ದದ್ದು ಅದೇ ಕೋಣೆಯ ಒಳತುದಿಯಲ್ಲಿ, ಅಡುಗೆಮನೆಗೆ ಹೋಗುವ ಮೂಲೆಯಲ್ಲಿ, ಅಕ್ಕಿ ಚೀಲದ ಪಕ್ಕ. ಅಲ್ಲಿ ಹಗಲಲ್ಲೂ ದೀಪ ಬೇಕು, ಕರೆಂಟು ಹೋದರೆ ಕೆಲಸ ಹೋಯಿತು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗ ಅವಳು ಸೂಜಿ ಹಿಡಿದು ಮುಂಬಾಗಿಲಿಗೆ ಬರುತ್ತಿದ್ದಳು, ಪೋಣಿಸಿಕೊಂಡು ವಾಪಸ್ಸು ಮೂಲೆಗೆ ಹೋಗುತ್ತಿದ್ದಳು. ಹೋಗುವಾಗ ಪ್ರತಿಸಲವೂ ಕಿಟಕಿಯ ಕೆಳಗಿನ ಮೇಜನ್ನು ನೋಡುತ್ತಿದ್ದಳು. ಮೇಜಿನ ಮೇಲೆ ಯಾವತ್ತೂ ಏನಾದರೊಂದು ಅರ್ಧವಾಗಿ ಬಿದ್ದಿರುತ್ತಿತ್ತು, ಅದರ ಮೇಲೆ ಬಿಸಿಲು ಬಿದ್ದಿರುತ್ತಿತ್ತು.

ವಿಮಾನ ಮನೆಗೆ ಬಂದದ್ದು ಶಿವಮೊಗ್ಗದಿಂದ. ಅತ್ತೆಯ ಮಗಳ ಮದುವೆಗೆ ಬಟ್ಟೆ ತೆಗೆಯಲು ಗಾಂಧಿ ಬಜಾರಿಗೆ ಹೋಗಿದ್ದೆವು. ಅಮ್ಮ, ಅಜ್ಜಿ ಸೀರೆ ಅಂಗಡಿಯೊಳಗೆ ಕೂತ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಹಳೇ ಪುಸ್ತಕದ ಅಂಗಡಿಯೊಂದಕ್ಕೆ ನುಗ್ಗಿದರು. ಅಲ್ಲಿ ಒಂದು ಕಟ್ಟಿನ ಅಡಿಯಲ್ಲಿ ದೊಡ್ಡ ದೊಡ್ಡ ರಟ್ಟಿನ ಹಾಳೆಗಳು ಸಿಕ್ಕವು. ಅವುಗಳ ಮೇಲೆ ಒಂದು ವಿಮಾನದ ರೆಕ್ಕೆ, ಬಾಲ, ಮೈ ಎಲ್ಲವನ್ನೂ ಬಿಡಿಬಿಡಿಯಾಗಿ ಬಣ್ಣದಲ್ಲಿ ಮುದ್ರಿಸಿದ್ದರು. ಕತ್ತರಿಸಿ, ಮಡಿಚಿ, ಅಂಟಿಸಿದರೆ ವಿಮಾನವಾಗುತ್ತದೆ. ಕೈಯಿಂದ ಎಸೆದರೆ ಹಾರುತ್ತದೆ. ಬರೆದದ್ದೆಲ್ಲ ಯಾವುದೋ ದೇಶದ ಭಾಷೆ. ಅಕ್ಷರಗಳು ಇಂಗ್ಲಿಷನ್ನು ಕನ್ನಡಿಯಲ್ಲಿ ನೋಡಿದ ಹಾಗಿದ್ದವು. ಅಪ್ಪ ಅದನ್ನು ಓದಲು ಹೋಗಲೇ ಇಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ರಟ್ಟನ್ನು ಉಜ್ಜಿದರು, ಬೆಳಕಿಗೆ ಹಿಡಿದರು, ಕಿವಿಯ ಹತ್ತಿರ ಅಲುಗಿಸಿ ಸದ್ದು ಕೇಳಿದರು. ಮದುವೆಯ ಕಾಗದ ಬಂದರೂ ಅವರು ಹೀಗೇ ಮಾಡುತ್ತಿದ್ದದ್ದು. ಯಾರ ಮದುವೆ ಎಂಬುದು ಆಮೇಲಿನ ಮಾತು.

"ನಮ್ ಕಾರ್ಖಾನೇದಲ್ಲ ಇದು. ಆದ್ರೆ ಏನ್ ರಟ್ಟು ಮಾರಾಯ್ರೇ!" ಎಂದು ಅಂಗಡಿಯವನಿಗೆ ಹೇಳಿದರು.

"ಪೂರಾ ಸೆಟ್ ಇದೆ ಸಾಬ್. ಒಂದ್ ತುಕಡಾನೂ ಕಮ್ಮಿ ಇಲ್ಲ," ಎಂದ ಅಂಗಡಿಯವನು.

ಪೂರಾ ಎಂಬ ಮಾತು ಕೇಳಿದ ಕೂಡಲೇ ನನಗೆ ಅಮ್ಮನ ಮುಖ ನೆನಪಾಯಿತು. ಬಸ್ಸಿನಲ್ಲಿ ಅಪ್ಪ ಆ ಹಾಳೆಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಮದುವೆಯ ಸೀರೆಗಳು ಅಜ್ಜಿಯ ಕಾಲಡಿಯಲ್ಲಿದ್ದವು.

ಇಲ್ಲಿ ನನ್ನ ಸೋದರಮಾವನ ವಿಷಯ ಹೇಳಬೇಕು. ಅಮ್ಮನ ತಮ್ಮ ಬಸವರಾಜ ಮಾವನಿಗೆ ಊರಿನ ಇನ್ನೊಂದು ಕಾರ್ಖಾನೆಯಲ್ಲಿ, ಕಬ್ಬಿಣದ್ದರಲ್ಲಿ ಕೆಲಸ. ಅವನಿಗೆ ಆಗ ಮದುವೆಯಾಗಿರಲಿಲ್ಲ; ಪ್ರತಿ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ಭದ್ರಾವತಿಯಲ್ಲಿ ಆ ಕಾಲಕ್ಕೆ ಮನುಷ್ಯರಲ್ಲಿ ಎರಡೇ ಜಾತಿ: ಕಬ್ಬಿಣದವರು, ಕಾಗದದವರು. ನಮ್ಮ ಮನೆಯಲ್ಲಿ ಎರಡೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದವು, ಸಾರು ಮುಗಿಯುವುದರೊಳಗೆ ಜಗಳ ಶುರುವಾಗುತ್ತಿತ್ತು.

"ಭಾವ, ನಿಮ್ ಕಾರ್ಖಾನೆ ವಾಸನೆಗೆ ನನ್ ಮೂಗೇ ಸತ್ತೋಗಿದೆ. ಅಕ್ಕ ಸಾರಿಗೆ ಇಂಗು ಹಾಕಿದಾಳೋ ಇಲ್ವೋ ಗೊತ್ತಾಗ್ತಿಲ್ಲ."

"ನಿಮ್ ಕಾರ್ಖಾನೆ ಸದ್ದಿಗೆ ನಿನ್ ಕಿವಿ ಸತ್ತಿತ್ತಲ್ಲ, ಅದಕ್ಕೆ ಮೂಗು ಜೊತೆಯಾಯ್ತು ಬಿಡು."

ಅಪ್ಪ ರಟ್ಟಿನ ಹಾಳೆ ತೋರಿಸಿದ ಭಾನುವಾರ ಮಾವ ಕೈತೊಳೆದುಕೊಂಡು ಬಂದು ನೋಡಿದ. ವಿಮಾನವನ್ನು ಲೋಹದಿಂದ ಮಾಡುತ್ತಾರೆ, ರಟ್ಟಿನಿಂದ ಮಾಡುವುದು ಲಾಡುವಿನ ಡಬ್ಬಿಯನ್ನು ಎಂದ. ಅಪ್ಪ ಸಿಟ್ಟಾಗಲಿಲ್ಲ. ಕಾಗದಕ್ಕೂ ನಾರಿರುತ್ತದೆ, ಮರಕ್ಕಿರುವ ಹಾಗೆಯೇ. ನಾರಿನ ಉದ್ದಕ್ಕೆ ಮಡಿಚಿದರೆ ಕತ್ತಿಯ ಅಲಗಿನಂಥ ಮಡಿಕೆ ಬರುತ್ತದೆ, ಅಡ್ಡಕ್ಕೆ ಮಡಿಚಿದರೆ ಒಡೆಯುತ್ತದೆ ಎಂದು ನನಗೆ ತೋರಿಸಿಕೊಟ್ಟರು. ಇಂಕು ಮುಗಿದ ಪೆನ್ನಿನಿಂದ ಗೆರೆಗಳ ಮೇಲೆ ಒತ್ತಿ ಎಳೆದರು. ಅಂಟಿಸಲು ಬಿಟ್ಟ ಸಣ್ಣ ತುಂಡುಗಳಿಗೆ ನಾವು ಕಿವಿಗಳು ಎನ್ನುತ್ತಿದ್ದೆವು. ಆ ಕಿವಿಗಳು ಒಣಗುವವರೆಗೆ ಹಿಡಿದುಕೊಳ್ಳಲು ಬಟ್ಟೆಗೆ ಹಾಕುವ ಕ್ಲಿಪ್ಪುಗಳು ಬೇಕಾದವು. ಹಾಗಾಗಿ ಆ ವಾರವೆಲ್ಲ ನಮ್ಮ ಬಟ್ಟೆಗಳು ತಂತಿಯಿಂದ ಹಾರಿ ಪಕ್ಕದ ಸೆಲ್ವಿ ಆಂಟಿಯ ಹಿತ್ತಲಿಗೆ ಬೀಳುತ್ತಿದ್ದವು. ಅವರು ಅವನ್ನು ಮಡಿಚಿ ತಂದುಕೊಡುತ್ತ, "ಯೇನ್ ಗಿರಿಜಕ್ಕ, ಇವತ್ತು ನಿಮ್ ವೀಟ್ಟುಕಾರ್, ನಿಮ್ಮನೆಯವ್ರ ಬನಿಯನ್ ಬಂದಿತ್ತು ನಮ್ಮನೆಗೆ. ಕಾಫಿ ಕುಡೀದೆ ಹೋಗಲ್ಲ ಅಂತು," ಎನ್ನುತ್ತಿದ್ದರು.

ಅಮ್ಮ ಇದನ್ನೆಲ್ಲ ಸಹಿಸಿದಳು. ಸಹಿಸದೇ ಇದ್ದದ್ದು ಕತ್ತರಿ.

ಹೊಲಿಗೆಯ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಬಟ್ಟೆಯನ್ನು ಮಾತ್ರ ಕತ್ತರಿಸಬೇಕು. ಕಾಗದ ಕತ್ತರಿಸಿದರೆ ಅದರ ಬಾಯಿ ಹೋಗುತ್ತದೆ. ಆಮೇಲೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಅಮ್ಮನ ಕತ್ತರಿ ಅವಳ ತವರಿನಿಂದ ಬಂದದ್ದು. ಅದನ್ನು ಮುಟ್ಟಿದರೆ ನನಗೆ ಏಟು ಬೀಳುತ್ತಿತ್ತು. ಒಂದು ಮಧ್ಯಾಹ್ನ ಅವಳು ಸೆಲ್ವಿ ಆಂಟಿಯ ರೇಷ್ಮೆ ರವಿಕೆಯ ತುಂಡನ್ನು ಹಾಸಿ ಕತ್ತರಿ ಇಟ್ಟಳು. ಕತ್ತರಿ ಹೋಗಲಿಲ್ಲ. ಇನ್ನೊಮ್ಮೆ ಇಟ್ಟಳು. ರೇಷ್ಮೆ ಎರಡು ಅಲಗುಗಳ ನಡುವೆ ಮಡಿಚಿಕೊಂಡಿತು. ಅಮ್ಮ ಕತ್ತರಿಯನ್ನು ಎತ್ತಿ ಮೂಸಿದಳು. ಅವಳು ಮೂಸಿದ್ದನ್ನು ನಾನು ನೋಡಿದೆ. ಆಮೇಲೆ ಮೇಜಿನ ಮೇಲಿದ್ದ ವಿಮಾನದ ರೆಕ್ಕೆಯನ್ನು ನೋಡಿದಳು. ಅದರ ಅಂಚನ್ನು ಬಲು ಚೆನ್ನಾಗಿ ಕತ್ತರಿಸಿದ್ದರು.

ಅಪ್ಪ ಪಾಳಿ ಮುಗಿಸಿ ಸೈಕಲ್ ನಿಲ್ಲಿಸುವುದರೊಳಗೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕತ್ತರಿ. ಅದನ್ನು ಗಾಳಿಯಲ್ಲಿ ಎರಡು ಸಲ ಆಡಿಸಿದಳು.

ಒಳಗಿನಿಂದ ಅಜ್ಜಿ, ಅಪ್ಪನ ತಾಯಿ, ಕೂಗಿದಳು: "ಗಿರಿಜಾ, ಬರೀ ಕತ್ತರಿ ಆಡಿಸ್ಬೇಡ ಮಾರಾಯ್ತಿ, ಮನೇಲಿ ಜಗಳ ಆಗುತ್ತೆ!"

"ಜಗಳ ಆಗ್ಲಿ ಅಂತಾನೇ ಆಡಿಸ್ತಿದೀನಿ ಅತ್ತೆ," ಎಂದಳು ಅಮ್ಮ.

ಜಗಳ ಆಯಿತು. ಅಪ್ಪ ಮೊದಲು ರಟ್ಟು ಬೇರೆ ಕಾಗದ ಬೇರೆ ಎಂದು ವಾದಿಸಿದರು. ಅದು ನಡೆಯದಿದ್ದಾಗ ಸಾಣೆ ಹಿಡಿಸಿಕೊಡುತ್ತೇನೆ ಎಂದರು. ಅಮ್ಮ ಕತ್ತರಿಯ ಮಾತನ್ನೇ ಬಿಟ್ಟಳು. ಅವಳ ಮಾತು ಇದ್ದಕ್ಕಿದ್ದಂತೆ ತಣ್ಣಗಾಯಿತು, ನನಗೆ ಹೆದರಿಕೆಯಾದದ್ದು ಆಗಲೇ.

"ನೋಡಿ, ಒಂದು ಮಾತು ಹೇಳ್ತೀನಿ. ಇದೊಂದನ್ನ ಮುಗಿಸಿ. ಮುಗಿಸಿ ಹಾರಿಸಿ. ಹಾರಿದ್ರೆ ಮೇಜೂ ನಿಮ್ದು, ಕಿಟಕೀನೂ ನಿಮ್ದು, ಇನ್ನು ಬಾಯಿ ಬಿಡಲ್ಲ ನಾನು. ಹಾರ್ಲಿಲ್ಲ ಅಂದ್ರೆ ನಿಮ್ ಮೇಜು ಅಕ್ಕಿ ಚೀಲದ ಹತ್ರ ಹೋಗುತ್ತೆ, ನನ್ ಮೆಷಿನ್ನು ಕಿಟಕಿ ಹತ್ರ ಬರುತ್ತೆ."

"ಹಾರುತ್ತೆ," ಎಂದರು ಅಪ್ಪ.

ವಿಮಾನ ಹಾರಬೇಕು ಎಂದು ನನಗೆ ಆಸೆಯಿತ್ತು. ಅಪ್ಪ ಒಂದನ್ನಾದರೂ ಪೂರ್ತಿ ಮಾಡಿದ್ದನ್ನು ನೋಡಬೇಕು. ಅಮ್ಮ ಸೂಜಿ ಹಿಡಿದು ಬಾಗಿಲಿಗೆ ಬಂದಾಗೆಲ್ಲ ಅದು ಹಾರದಿರಲಿ ಎಂದೂ ಅನಿಸುತ್ತಿತ್ತು. ಎರಡನ್ನೂ ದೇವರಿಗೆ ಹೇಳಿಕೊಳ್ಳುವುದು ಸರಿಯಲ್ಲ ಎಂದು ಯಾವುದನ್ನೂ ಹೇಳಿಕೊಳ್ಳಲಿಲ್ಲ.

ಅಪ್ಪ ಈಗ ನಿಜವಾಗಿ ಕೆಲಸಕ್ಕೆ ಕೂತರು. ಅಂಟಿಗೆ ಮೈದಾ ಕುದಿಸಿದರು. ಮರುದಿನ ಬೆಳಗ್ಗೆ ನೋಡಿದರೆ ಇರುವೆಗಳು ಬಾಲವನ್ನು ಅರ್ಧ ಕಳಚಿದ್ದವು. ಪುಸ್ತಕದ ಬೈಂಡಿಂಗಿನವರು ಅಂಟಿಗೆ ಚೂರು ಮೈಲುತುತ್ತ ಹಾಕುತ್ತಾರೆ, ಹುಳ ಬರುವುದಿಲ್ಲ ಎಂದು ಅಪ್ಪನಿಗೆ ನೆನಪಾಯಿತು. ಅಡಿಕೆಗೆ ಕೊಳೆ ಬರದಂತೆ ಹೊಡೆಯುವ ಅದೇ ಮೈಲುತುತ್ತ. ವಿಮಾನದ ಸಂದುಗಳೆಲ್ಲ ತಿಳಿ ನೀಲಿಯಾದವು.

"ಯಾಕ್ರೀ, ವಿಮಾನಕ್ಕೂ ಕೊಳೆರೋಗ ಬರುತ್ತಾ?" ಎಂದಳು ಅಮ್ಮ ಮೂಲೆಯಿಂದ. ಅವಳು ಬಾಯಿ ಬಿಡದೆ ಇರುವುದು ವಿಮಾನ ಹಾರಿದ ಮೇಲೆ ತಾನೆ.

ಕೊನೆಗೆ ಉಳಿದದ್ದು ಮೂಗು. ಹಾಳೆಯ ಮೂಲೆಯಲ್ಲಿ ಒಂದು ಚಿತ್ರವಿತ್ತು. ವಿಮಾನದ ಮೂಗಿನೊಳಗೆ ಒಂದು ಉರುಟು ವಸ್ತು, ಅದಕ್ಕೊಂದು ಬಾಣದ ಗುರುತು, ಪಕ್ಕದಲ್ಲಿ ಯಾರಿಗೂ ಓದಲು ಬಾರದ ಒಂದು ಶಬ್ದ. ಅದೇನಿರಬಹುದು ಎಂಬುದರ ಬಗ್ಗೆ ಭಾನುವಾರದ ಊಟದಲ್ಲಿ ಮೂರು ಅಭಿಪ್ರಾಯಗಳು ಬಂದವು.

"ನಿಂಬೆಹಣ್ಣು. ಹೊಸ ಗಾಡಿಗೆ ಇಡಲ್ವಾ? ಎಲ್ಲಾ ದೇಶದಲ್ಲೂ ದೃಷ್ಟಿ ಇರುತ್ತೆ," ಎಂದಳು ಅಜ್ಜಿ.

"ಗುಂಡು," ಎಂದು ಮಾವ ಜೇಬಿನಿಂದ ಬೇರಿಂಗಿನ ಒಂದು ಉಕ್ಕಿನ ಗುಂಡನ್ನು ತೆಗೆದು ಊಟದ ತಟ್ಟೆಯ ಪಕ್ಕ ಇಟ್ಟ. ತಯಾರಾಗಿಯೇ ಬಂದಿದ್ದ. "ಮೂಗಿಗೆ ಭಾರ ಬೇಕು ಭಾವ. ಕಬ್ಬಿಣ ಇಲ್ದೆ ನಿಮ್ ಕಾಗದ ಮೇಲೇಳಲ್ಲ."

ಅಪ್ಪ ಗುಂಡನ್ನು ಎರಡು ಬೆರಳಲ್ಲಿ ಎತ್ತಿ ಅವನ ಮಜ್ಜಿಗೆಯ ಲೋಟದ ಹತ್ತಿರ ಸರಿಸಿದರು. "ಕಾಗದಕ್ಕೆ ಕಾಗದದ್ದೇ ಭಾರ," ಎಂದರು. ಕಾಗದವನ್ನು ನೆನೆಹಾಕಿ, ಅರೆದು, ಉಂಡೆ ಮಾಡಿ, ಒಣಗಿಸಿ, ಅದನ್ನು ಮೂಗಿನೊಳಗೆ ಕೂರಿಸಿ ಅಂಟಿಸಿದರು. ವಿಮಾನ ಮುಗಿಯಿತು. ಮೇಜಿನ ಮೇಲೆ ಅದು ಬಿಸಿಲಿನಲ್ಲಿ ನಿಂತಿದ್ದನ್ನು ನೋಡಲು ಅಮ್ಮನೂ ಬಂದಳು. ಸೆರಗಿನ ತುದಿಯಿಂದ ರೆಕ್ಕೆಯ ಮೇಲಿನ ಒಂದು ನೂಲಿನ ಎಳೆಯನ್ನು ತೆಗೆದುಹಾಕಿ ಮೂಲೆಗೆ ಹೋದಳು.

ಹಾರಿಸಿದ್ದು ದೀಪಾವಳಿ ಕಳೆದ ಮೇಲಿನ ಭಾನುವಾರ, ನಮ್ಮ ಕಟ್ಟಡದ ಟೆರೇಸಿನಿಂದ. ಮುಂದುಗಡೆ ಮೈದಾನ, ಹಿಂದುಗಡೆ ನೀರಿನ ದೊಡ್ಡ ಟ್ಯಾಂಕು, ಅದರಾಚೆ ಕೆಳಗೆ ಹಿತ್ತಲು. ಅಜ್ಜಿ ಮಂಡಿನೋವು ಇದ್ದರೂ ಮೆಟ್ಟಿಲು ಹತ್ತಿ ಬಂದಳು, ಪೂಜೆ ಮಾಡದ ಗಾಡಿಯನ್ನು ಓಡಿಸಬಾರದೆಂದು. ವಿಭೂತಿಯನ್ನು ನೀರಲ್ಲಿ ಕಲಸಿ ವಿಮಾನದ ಮೂಗಿಗೆ ದಪ್ಪನಾಗಿ ಮೂರು ಬೆರಳು ಎಳೆದಳು.

"ಅವ್ವಾ, ನೀರು! ರಟ್ಟು ಮೆತ್ತಗಾಗುತ್ತೆ!" ಎಂದು ಅಪ್ಪ ಕೂಗಿಕೊಂಡರು.

"ಶಿವನ ಮುಂದೆ ಎಲ್ರೂ ಮೆತ್ತಗಾಗ್ಬೇಕಪ್ಪ," ಎಂದು ಅಜ್ಜಿ ನಿಂಬೆಹಣ್ಣು ತೆಗೆದಳು. ವಿಮಾನಕ್ಕಿದ್ದ ಗಾಲಿಗಳು ಬರೀ ಚಿತ್ರ. ಅವಳು ಸ್ವಲ್ಪ ಯೋಚಿಸಿ, ನಿಂಬೆಹಣ್ಣನ್ನು ಅಪ್ಪನ ಕಾಲ ಬಳಿ ಇಟ್ಟಳು. "ಅದರ ಪರವಾಗಿ ನೀನೇ ತುಳಿಯೋ."

ಅಪ್ಪ ತುಳಿದರು. ಆಮೇಲೆ ವಿಮಾನವನ್ನು ಎತ್ತಿ ಮೈದಾನದ ಕಡೆಗೆ ಎಸೆದರು. ಅದು ಮೂಗನ್ನು ಮೇಲಕ್ಕೆ ಎತ್ತಿತು, ಇನ್ನೂ ಎತ್ತಿತು, ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಬಸ್ಸು ಹತ್ತುವಾಗ ಕೊಡೆ ಮರೆತದ್ದು ನೆನಪಾದವರ ಹಾಗೆ ಹಿಂದಕ್ಕೆ ಬಂದು ನಮ್ಮ ತಲೆಯ ಮೇಲಿಂದ ಟ್ಯಾಂಕಿಗೆ ತಾಗಿ ಕೂತಿತು. ಎರಡನೇ ಸಲವೂ ಹಾಗೇ. ಅಮ್ಮ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು. ಅವಳು ಗೆಲ್ಲುತ್ತಿದ್ದಳು, ಆದರೆ ಗೆಲ್ಲುವವರ ಮುಖ ಅವಳಿಗಿರಲಿಲ್ಲ. ಅಪ್ಪ ನನ್ನನ್ನು ಕರೆದರು.

"ಶೈಲಾ, ನೀನು ಕೆಳಗೆ ಹಿತ್ತಲಲ್ಲಿ ನಿಂತ್ಕೋ. ಇದು ಹಿಂದೆ ಹಿಂದೆ ಬರ್ತಿದೆ. ಬಿದ್ರೆ ಹಿಡಿ. ಆದ್ರೆ ಮುಟ್ಬೇಡ."

ಹಿಡಿಯುವುದು, ಮುಟ್ಟದಿರುವುದು ಎರಡನ್ನೂ ಹೇಗೆ ಮಾಡುವುದು ಎಂದು ಯೋಚಿಸುತ್ತ ನಾನು ಮೆಟ್ಟಿಲಿನ ಕಡೆ ಹೊರಟೆ. ಅಷ್ಟರಲ್ಲಿ ಮಾವ ತಡೆಯಲಾರದೆ ಮುಂದೆ ಬಂದ. ಅವನು ಬಂದದ್ದು ಅಕ್ಕನ ಪಕ್ಷವಾಗಿ, ಇದನ್ನು ಊಟದ ಹೊತ್ತಿಗೇ ಹೇಳಿದ್ದ. ಆದರೆ ಭಾರ ತಪ್ಪಿದ ವಸ್ತುವನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದು ಅವನ ಮೈಗೇ ಆಗದ ಕೆಲಸ.

"ಕೊಡಿ ಭಾವ ಇಲ್ಲಿ," ಎಂದು ಕಸಿದುಕೊಂಡ. ವಿಭೂತಿಯಿಂದ ಮೆತ್ತಗಾಗಿದ್ದ ಮೂಗಿನ ತುದಿಯಲ್ಲಿ ಉಕ್ಕಿನ ಗುಂಡನ್ನಿಟ್ಟು ಹೆಬ್ಬೆರಳಿಂದ ಒತ್ತಿದ. ಗುಂಡು ಒಳಗೆ ಹೋಯಿತು. ಮೇಲಿಂದ ಅಜ್ಜಿಯ ವಿಭೂತಿಯನ್ನೇ ಮೆತ್ತಿ ಮುಚ್ಚಿದ.

"ಬಸೂ, ನೀನ್ ಯಾರ ಕಡೆ?" ಎಂದಳು ಅಮ್ಮ.

ಮಾವ ವಿಮಾನವನ್ನು ಅಪ್ಪನ ಕೈಗೆ ವಾಪಸ್ಸು ಕೊಟ್ಟ. ನಾನು ಮೆಟ್ಟಿಲಿಳಿದು ಹಿತ್ತಲಿಗೆ ಓಡಿದೆ.

ಮುಂದಿನದನ್ನು ನಾನು ನಿಧಾನವಾಗಿ ಹೇಳಬೇಕು, ಏಕೆಂದರೆ ನೋಡಿದವಳು ನಾನೊಬ್ಬಳೇ. ಹಿತ್ತಲಲ್ಲಿ ಸೆಲ್ವಿ ಆಂಟಿ ನನಗೆ ಬೆನ್ನು ಮಾಡಿ ಬಟ್ಟೆ ಒಗೆಯುತ್ತಿದ್ದರು. ಅವರ ಪಕ್ಕದಲ್ಲಿ ಬಿಳೀ ಬಟ್ಟೆ ಅದ್ದಲು ನೀಲಿ ಕಲಸಿದ ನೀರಿನ ದೊಡ್ಡ ಟಬ್ಬಿತ್ತು. ನಾನು ಸೀಬೆಮರದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದೆ. ಅಪ್ಪ ಎಸೆದದ್ದು ಕಾಣಲಿಲ್ಲ, ಟ್ಯಾಂಕು ಅಡ್ಡವಿತ್ತು. ಗಾಳಿ ಬಂದದ್ದು ಮಾತ್ರ ಎಲೆಗಳಲ್ಲಿ ಗೊತ್ತಾಯಿತು. ಆಮೇಲೆ ಟ್ಯಾಂಕಿನ ಬದಿಯಿಂದ ವಿಮಾನ ಬಂತು. ಬಂದದ್ದೇ ಮೂಗು ಕೆಳಗೆ ಮಾಡಿ ಗೋಡೆಯುದ್ದಕ್ಕೂ ಬಿತ್ತು. ಮೇಲಿನ ಮನೆಯ ಅಡುಗೆ ಕಿಟಕಿ ದಾಟಿತು, ನಮ್ಮ ಅಡುಗೆ ಕಿಟಕಿಯ ಹತ್ತಿರ ಬಂತು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಮುಚ್ಚಲಿಲ್ಲ. ಬಟ್ಟೆಯ ತಂತಿಯ ಎತ್ತರಕ್ಕೆ ಬಂದಾಗ ಅದು ಬೀಳುವುದನ್ನು ನಿಲ್ಲಿಸಿತು. ಯಾರೋ ಕೆಳಗಿನಿಂದ ಅಂಗೈ ಹಿಡಿದ ಹಾಗೆ ಮೂಗನ್ನು ಎತ್ತಿತು. ತಂತಿಯ ಮೇಲಿಂದ, ಒಣಗಿದ್ದ ಬಿಳೀ ಪಂಚೆಯ ಮೇಲಿಂದ ಹೋಯಿತು. ಪಂಚೆಯ ಮೇಲೆ ಅದರ ನೆರಳೂ ಜೊತೆಗೆ ಹೋಯಿತು. ಸದ್ದಿರಲಿಲ್ಲ. ಹಿತ್ತಲಿನ ಕೊನೆಯ ಬೇಲಿಯವರೆಗೆ ಹೋಗಿ, ಅಲ್ಲಿ ಎಡಕ್ಕೆ ವಾಲಿ ತಿರುಗಿ, ಅವಸರವಿಲ್ಲದೆ ವಾಪಸ್ಸು ಬಂದು, ಸೆಲ್ವಿ ಆಂಟಿಯ ನೀಲಿ ಟಬ್ಬಿನಲ್ಲಿ ಕೂತು ಮುಳುಗಿತು.

"ಅಯ್ಯಯ್ಯೋ, ಕಾಕಾ! ಕಾಗೆ ಬಿತ್ತು ನನ್ ಟಬ್ಬಲ್ಲಿ!" ಎಂದು ಸೆಲ್ವಿ ಆಂಟಿ ಎದ್ದು ನಿಂತರು.

ಮೇಲಿನವರು ಟ್ಯಾಂಕು ಸುತ್ತಿ, ಮೆಟ್ಟಿಲಿಳಿದು ಬರುವಷ್ಟರಲ್ಲಿ ಮೈದಾದ ಅಂಟು ಬಿಟ್ಟಿತ್ತು. ಅಪ್ಪ ಟಬ್ಬಿನೊಳಗೆ ಎರಡೂ ಕೈ ಹಾಕಿ ಎತ್ತಿದರು. ಬಂದದ್ದು ವಿಮಾನವಲ್ಲ, ಮುದ್ದೆ. ಅಭ್ಯಾಸಬಲದಿಂದ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಪಲ್ಪು," ಎಂದರು ಮೆಲ್ಲಗೆ. ಕಾಗದವಾಗುವ ಮೊದಲಿನ ಮುದ್ದೆಗೆ ಕಾರ್ಖಾನೆಯಲ್ಲಿ ಅದೇ ಹೆಸರು. ಟಬ್ಬಿನ ತಳದಲ್ಲಿ ಗುಂಡು ಟಣ್ಣೆಂದು ಉರುಳಿತು.

"ಹಾರಿತಾ?" ಎಂದಳು ಅಮ್ಮ.

ನನಗಿಂತ ಮೊದಲು ಮಾವ ಬಾಯಿ ಹಾಕಿದ. "ಹಾರ್ದೆ ಏನು! ಟ್ಯಾಂಕು ದಾಟಿ ಇಲ್ಲಿಗಂಟ ಬಂದಿದೆ ಅಂದ್ರೆ ಹಾರಿದ್ದೇ. ಗುಂಡು ಒಳಗೆ ಹೋಯ್ತು, ಹಾರಿತು. ಕಬ್ಬಿಣ ಹಾರಿಸ್ತು!"

ಅಕ್ಕನ ಪಕ್ಷದವನು ಅಕ್ಕನನ್ನು ಸೋಲಿಸಿದ್ದ. ಅಪ್ಪ ಗೆದ್ದೆ ಎನ್ನಬೇಕಿತ್ತು. ಅವರು ನೀಲಿ ಕೈಗಳನ್ನು ಪಂಚೆಗೆ ಒರೆಸಿಕೊಂಡು, ಮಾವನ ಮುಖ ನೋಡಿ, ನಾವ್ಯಾರೂ ನಿರೀಕ್ಷಿಸದ ಮಾತು ಹೇಳಿದರು.

"ಹಾರ್ಲಿಲ್ಲ. ಬಿತ್ತು. ಕಬ್ಬಿಣ ಕಟ್ಟಿ ಮೇಲಿಂದ ಬಿಟ್ರೆ ಬೀಳ್ದೆ ಇನ್ನೇನು?"

"ಭಾವ! ನಿಮ್ ವಿಮಾನ ಹಾರಿದೆ ಅಂತ ನಾನು ಹೇಳ್ತಿದೀನಿ!"

"ಹಾರೋದು ಅಂದ್ರೆ ಏನು? ಕೋಳೀನೂ ಗೋಡೆ ಹಾರುತ್ತೆ. ನಿನ್ ಗುಂಡು ಟೆರೇಸಿಂದ ಹಾರಿತು. ಬಾವಿಗೆ ಹಾರಿದ ಹಾಗೆ."

"ಆ ಹಾರೋದು ಬೇರೆ, ಈ ಹಾರೋದು ಬೇರೆ!"

"ಹೌದಾ?" ಎಂದಳು ಅಜ್ಜಿ. ಅವಳು ಆಗಷ್ಟೇ ಕೊನೆಯ ಮೆಟ್ಟಿಲಿಗೆ ಬಂದು ಉಸಿರು ಬಿಡುತ್ತಿದ್ದಳು. "ಹಾಗಾದ್ರೆ ಆಂಜನೇಯ ಸಮುದ್ರ ಹಾರಿದ್ನಲ್ಲ, ಅದು ಯಾವ ಹಾರೋದು?"

ಸೆಲ್ವಿ ಆಂಟಿಯೂ ಸೋಪು ಹಿಡಿದು ಯೋಚಿಸಿದರು.

ಕೊನೆಗೆ ಅಮ್ಮ ನನ್ನ ಮುಂದೆ ಕೂತು ನನ್ನ ಎರಡೂ ತೋಳು ಹಿಡಿದುಕೊಂಡಳು. "ಇವ್ರ ಮಾತು ಬಿಡು. ನೀನು ನೋಡಿದ್ದು ಹೇಳು."

ನಾನೀಗ ಶಿವಮೊಗ್ಗದ ಒಂದು ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡುವ ಕೆಲಸದಲ್ಲಿದ್ದೇನೆ. ಅವತ್ತು ಸಾಕ್ಷಿ ನಾನೇ ಆಗಿದ್ದೆ. ಹಾರಿತು ಎಂದರೆ ಅಮ್ಮನ ಕಿಟಕಿ ಹೋಗುತ್ತದೆ. ಹಾರಲಿಲ್ಲ ಎಂದರೆ ಅಪ್ಪ ಮುಗಿಸಿದ ಒಂದೇ ಒಂದು ಕೆಲಸ ಹೋಗುತ್ತದೆ, ಅವರೇ ಹಾಗೆ ಹೇಳುತ್ತಿದ್ದರೂ. ಇಬ್ಬರ ಮುಖ ನೋಡಿದರೆ ಮಾತು ಕೆಡುತ್ತದೆ ಎಂದು ಗೊತ್ತಾಯಿತು. ಬಟ್ಟೆಯ ತಂತಿ ನೋಡಿಕೊಂಡು ಹೇಳಿದೆ.

"ಮೊದಲು ಬಿತ್ತು. ಆಮೇಲೆ ಹಾರಿತು."

"ಎಲ್ಲಿಗಂಟ ಬಿತ್ತು?"

"ತಂತಿಗಂಟ. ಅಲ್ಲಿಂದ ಹಾರಿತು. ಬೇಲಿ ಹತ್ರ ತಿರುಗ್ತು."

"ತಾನಾಗೇ ತಿರುಗ್ತಾ?" ಇದು ಅಪ್ಪ. ದನಿ ಬೇರೆಯಾಗಿತ್ತು.

"ತಾನಾಗೇ."

ಅಪ್ಪ ಟಬ್ಬಿನ ಅಂಚಿನಲ್ಲಿ ಕೂತುಬಿಟ್ಟರು. ಅದನ್ನು ಮಾಡಿದವರು ಅವರು. ಅದು ತಿರುಗಿದ್ದನ್ನು ಅವರು ನೋಡಿರಲಿಲ್ಲ, ಇನ್ನು ನೋಡುವಂತೆಯೂ ಇರಲಿಲ್ಲ. ಅಮ್ಮ ಅವರನ್ನು ನೋಡಿದಳು. ಸೋತೆ ಎಂದು ಹೇಳಲು ಈಗ ಅವಳೇ ಬಾಯಿ ತೆರೆದಳು, ಆದರೆ ಅಪ್ಪ ಕೈಯೆತ್ತಿ ತಡೆದರು.

"ಮೊದಲು ಬಿತ್ತು ಅಂತ ಹುಡುಗಿ ಹೇಳಿದಾಳಲ್ಲ. ಮೊದಲು ಆಗಿದ್ದೇ ಲೆಕ್ಕ. ಬಸವರಾಜ, ಮೇಜಿನ ಆ ತುದಿ ಹಿಡ್ಕೊ ಬಾ."

ಮೇಜು ಬಾಗಿಲು ದಾಟುವುದಿಲ್ಲವಾದ್ದರಿಂದ ಕೋಣೆಯೊಳಗೇ ಅದನ್ನು ತಿರುಗಿಸಬೇಕಾಯಿತು. ಅಕ್ಕಿ ಚೀಲ, ಬೆಕ್ಕು, ಕುರ್ಚಿ ಎಲ್ಲ ಜಾಗ ಬದಲಿಸಿದವು. ಕಬ್ಬಿಣ, ಕಾಗದ ಎರಡೂ ಸೇರಿ ಹೊತ್ತರೂ ಮೇಜಿನ ಒಂದು ಕಾಲು ಮುರಿಯಿತು. ಸಂಜೆಗೆ ಅಮ್ಮನ ಮೆಷಿನ್ನು ಕಿಟಕಿಯ ಕೆಳಗಿತ್ತು.

ಅಪ್ಪ ಆಮೇಲೆ ಯಾವುದನ್ನಾದರೂ ಪೂರ್ತಿ ಮಾಡಿದರು ಎಂದು ನಾನು ಹೇಳಲಾರೆ. ಮುರಿದ ಕಾಲಿಗೆ ಇಟ್ಟಿಗೆ ಇಟ್ಟರು, ಅದು ಹಾಗೇ ಇತ್ತು. ಆದರೆ ರಜೆಯ ಬೆಳಗ್ಗೆ ಅವರು ಅರ್ಧ ಹೆಣೆದ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಎಡಕ್ಕೆ ಕೂತು, ನನ್ನನ್ನು ಕರೆಯುತ್ತಿದ್ದರು. "ಹೇಳು, ಹೇಗೆ ತಿರುಗ್ತು?" ನಾನು ಹೇಳುತ್ತಿದ್ದೆ. ಪ್ರತಿಸಲವೂ ಅದೇ ಮಾತುಗಳಲ್ಲಿ, ಏನನ್ನೂ ಸೇರಿಸದೆ, ಬಿಡದೆ. ಬೇಡಿಕೆಗಳು ಬರುತ್ತಿದ್ದವು. ಬಿದ್ದ ಭಾಗ ಬಿಟ್ಟುಬಿಡು ಎಂದು ಮಾವ ಹೇಳಿದ್ದ. ನಿಂಬೆಹಣ್ಣನ್ನು ಸೇರಿಸಬೇಕು ಎಂದು ಅಜ್ಜಿ. ಸೆಲ್ವಿ ಆಂಟಿ ಮಾತ್ರ ಅದು ಕಾಗೆಯೇ ಎಂದು ಕೊನೆಯವರೆಗೂ ನಂಬಿದ್ದರು.

"ಗುಂಡಿನ ವಿಷಯ ಬಿಟ್ಟು ಹೇಳೇ. ಬಿಟ್ರೆ ನಿನ್ ಗಂಟೇನು ಹೋಗುತ್ತೆ?" ಎಂದರು ಅಪ್ಪ ಒಂದು ದಿನ.

"ಬಿಡಕ್ಕಾಗಲ್ಲಪ್ಪ. ಅದು ಒಳಗಿತ್ತು."

ಅಮ್ಮನಿಗೆ ನಗು ಬಂತು. ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡಿದ್ದರಿಂದ ಮೂಗಿನಿಂದ ನಕ್ಕಳು. ಅವಳು ನಮ್ಮ ಕಡೆ ತಿರುಗದೆ ಹೊಲಿಯುತ್ತಿದ್ದಳು, ಮೆಷಿನ್ನಿನ ಸದ್ದು ನನ್ನ ಮಾತಿನ ಜೊತೆಗೇ ಓಡುತ್ತಿತ್ತು. ಟ್ಯಾಂಕಿನ ಬದಿಯಿಂದ ಬಂತು ಎಂದೆ, ಗೋಡೆಯುದ್ದಕ್ಕೂ ಬಿತ್ತು ಎಂದೆ, ನಮ್ಮ ಕಿಟಕಿಯ ಹತ್ತಿರ ಬಂತು ಎಂದೆ. ತಂತಿಯ ಹತ್ತಿರ ಬಂದಾಗ ಅವಳು ಗಾಲಿಯ ಮೇಲೆ ಕೈಯಿಟ್ಟು ಮೆಷಿನ್ನು ನಿಲ್ಲಿಸಿದಳು. ಆ ಜಾಗದಲ್ಲಿ ಯಾವಾಗಲೂ ನಿಲ್ಲಿಸುತ್ತಿದ್ದಳು. ಅದು ಮೂಗೆತ್ತಿ, ಬಿಳೀ ಪಂಚೆಯ ಮೇಲಿಂದ ಹೋಗಿ, ಬೇಲಿಯ ಹತ್ತಿರ ತಾನಾಗಿಯೇ ತಿರುಗುವವರೆಗೂ ಕಾದಿದ್ದು, ಆಮೇಲೆ ಮತ್ತೆ ಕಾಲು ಆಡಿಸುತ್ತಿದ್ದಳು.